ಕರಿಯ ತಟ್ಟೆಗಳ ಪಾಠಾಂತರ

2020ರ ಅಕ್ಟೋಬರ್ ತಿಂಗಳಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳನ್ನು ಹೊಕ್ಕಾಗ ಘತ್ತರಗಿಯಲ್ಲಿರುವ ನನ್ನ ಸೋದರಮಾವನ ಮನೆಯ ಪಡಸಾಲೆಯಲ್ಲಿಯೂ ನೀರು ನಿಂತಿತು. ದಾರಿ ತೆರೆದ ಮೇಲೆ ನಾನು ಊರಿಗೆ ಹೋದೆ. ಜೋಳದ ಚೀಲಗಳು ನೆನೆದು ನಾರುತ್ತಿದ್ದವು. ಗೋಡೆಯ ಮೇಲೆ ಎದೆಮಟ್ಟದಲ್ಲಿ ಕೆಸರಿನ ಗೆರೆ ಮೂಡಿತ್ತು. ಮಾಮ ಮಾತ್ರ ಜೋಳದ ಕಡೆಗೆ ನೋಡದೆ, ಅಂಗಳದ ಬೇವಿನ ನೆರಳಿನಲ್ಲಿ ಹೊರಸು ಹಾಕಿಕೊಂಡು, ಅದರ ಮೇಲೆ ಒಂದೊಂದಾಗಿ ಗ್ರಾಮಾಫೋನು ತಟ್ಟೆಗಳನ್ನು ಒಣಗಲಿಡುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕೈ ನಡುಗುತ್ತಿದ್ದರೂ ತಟ್ಟೆಯನ್ನು ಅಂಚಿನಲ್ಲಿಯೇ ಹಿಡಿಯುವ ರೂಢಿ ತಪ್ಪಿರಲಿಲ್ಲ.

‘ನೀರಾಗ ಹೆಸರು ಹೋಗ್ಯಾವ, ತಮ್ಮಾ. ಹಾಡು ಹೋಗಿಲ್ಲ’ ಎಂದರು.

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಆ ಕಾಲದ ತಟ್ಟೆಗಳು ಅರಗಿನವು. ಮರದ ಮೇಲೆ ಹುಳು ಕಟ್ಟುವ ಅರಗನ್ನು ಕಲ್ಲಿನ ಪುಡಿ, ಕಾಡಿಗೆಗಳೊಡನೆ ಕಾಸಿ ಒತ್ತಿ ಮಾಡಿದವು. ಕೈಜಾರಿ ಬಿದ್ದರೆ ಗಡಿಗೆಯಂತೆ ಒಡೆಯುತ್ತವೆ; ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಾಗುತ್ತವೆ; ಸ್ಪಿರಿಟ್ ಹಚ್ಚಿ ಒರಸಿದಿರೋ, ಮೈಯೇ ಕರಗಿಹೋಗುತ್ತದೆ. ಆದರೆ ಎರಡು ದಿನದ ನೀರಿಗೆ ಅವು ಬಹಳ ಅಂಜುವುದಿಲ್ಲ. ನೀರು ತಿನ್ನುವುದು ನಡುವಿನ ಕಾಗದದ ಲೇಬಲ್ಲನ್ನು. ಮಾಮನ ಟ್ರಂಕಿನಲ್ಲಿದ್ದ 62 ತಟ್ಟೆಗಳಲ್ಲಿ 9 ಒಡೆದುಹೋಗಿದ್ದವು. ಉಳಿದ 53ರಲ್ಲಿ 14ಕ್ಕೆ ಮಾತ್ರ ಲೇಬಲ್ಲು ಅಂಟಿಕೊಂಡಿತ್ತು. ಮಿಕ್ಕ 39 ತಟ್ಟೆಗಳು ಹಾಡಿದವರ ಹೆಸರು, ರಾಗದ ಹೆಸರು, ಕಂಪನಿಯ ನಾಯಿಯ ಚಿತ್ರ ಎಲ್ಲವನ್ನೂ ಹೊಳೆಗೆ ಕೊಟ್ಟು ಬರಿಯ ಕರಿಯ ತಟ್ಟೆಗಳಾಗಿ ಮಲಗಿದ್ದವು.

ಕನ್ನಡ ಎಂ.ಎ. ತರಗತಿಗೆ ಹಸ್ತಪ್ರತಿಶಾಸ್ತ್ರ ಪಾಠ ಹೇಳುವವನಿಗೆ ಆ ನೋಟ ಅಪರಿಚಿತವಲ್ಲ. ಮೊದಲ ಗರಿಯೂ ಕೊನೆಯ ಗರಿಯೂ ಕಳೆದುಹೋದ ಓಲೆಯ ಕಟ್ಟನ್ನು ಬಿಚ್ಚಿದಾಗ ಆಗುವ ಅನುಭವ ಇದೇ. ಕಾವ್ಯವಿದೆ, ಕವಿಯಿಲ್ಲ, ಪದ್ಯ ಚೆನ್ನಾಗಿದೆ, ಯಾವ ಕಾಲದ್ದೆಂದು ಹೇಳುವ ಪುಷ್ಪಿಕೆಯಿಲ್ಲ. ಅಂದಿನಿಂದ ಈ ವಿಷಯ ನನ್ನ ತಲೆಯನ್ನು ಹೊಕ್ಕಿದೆ. ಹಳೆಯ ಧ್ವನಿಮುದ್ರಿಕೆಗಳನ್ನು ತೊಳೆದು ತಿದ್ದಿ ಹೊಸದಾಗಿ ಹೊರತರುವುದಕ್ಕೆ ಈಗಿನವರು ರೀಮಾಸ್ಟರಿಂಗ್ ಎನ್ನುತ್ತಾರೆ. ಸಂಗೀತದ ಗೀಳಿನವರು ನಾಲ್ವರು ಕೂಡಿದರೆ, ಯಾವ ಹಳೆಯ ತಟ್ಟೆ ಹೀಗೆ ಮತ್ತೆ ಬರಬೇಕಾಗಿತ್ತೆಂಬ ಹಂಬಲದ ಪಟ್ಟಿಯೊಂದು ಹುಟ್ಟಿಯೇ ಹುಟ್ಟುತ್ತದೆ. ನನ್ನದೂ ಒಂದು ಪಟ್ಟಿಯಿದೆ. ಆದರೆ ಪಟ್ಟಿಗಿಂತ ಮೊದಲು ಹೇಳಬೇಕಾದ ಮಾತು ಬೇರೆ. ಈ ಕೆಲಸ ಯಂತ್ರದವರ ತಿಕ್ಕಾಟವಲ್ಲ, ಗ್ರಂಥಸಂಪಾದನೆ; ಹಾಗೆಂದು ತಿಳಿಯದೆ ಕೈಹಾಕಿದವರು ಪ್ರವಾಹಕ್ಕಿಂತ ಹೆಚ್ಚು ಹಾನಿ ಮಾಡುತ್ತಾರೆ.

ಮೊದಲು ಆ ಟ್ರಂಕಿನ ಕಥೆ. ತಟ್ಟೆಗಳನ್ನು ಕೊಂಡವರು ಮಾಮನ ತಂದೆ, ಎಂದರೆ ನನ್ನ ತಾಯಿಯ ತಂದೆ. ಆಗ ಅಫಜಲಪುರ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಹೊಳೆಯಾಚೆಯ ಇಂಡಿ, ಮೇಲಿನ ಸೊಲ್ಲಾಪುರಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಹತ್ತಿ ಮಾರಲು ಸೊಲ್ಲಾಪುರಕ್ಕೆ ಹೋದ ಅಜ್ಜ ಮರಳುವಾಗ ವರ್ಷಕ್ಕೆ ಮೂರೋ ನಾಲ್ಕೋ ತಟ್ಟೆ ತರುತ್ತಿದ್ದರಂತೆ. ಕರೋಡಗಿರಿ ನಾಕೆಯಲ್ಲಿ ಅದಕ್ಕೂ ಸುಂಕ ಕೇಳಿಯಾರೆಂದು ಧೋತರಗಳ ನಡುವೆ ಸುತ್ತಿ ತರುತ್ತಿದ್ದರೆಂದು ನಮ್ಮ ಮನೆಯಲ್ಲಿ ನಗುತ್ತ ಹೇಳುತ್ತಿದ್ದರು. ಅಮಾವಾಸ್ಯೆಗೆ ಭಾಗ್ಯವಂತಿಯ ದರ್ಶನಕ್ಕೆಂದು ಬಂದ ನೆಂಟರು ಊಟವಾದ ಮೇಲೆ ಪಡಸಾಲೆಯಲ್ಲಿ ಕೂಡುವರು. ಅಜ್ಜ ಚಾವಿ ಕೊಟ್ಟು, ಹೊಸ ಮುಳ್ಳು ಸಿಕ್ಕಿಸಿ, ‘ಸದ್ದು’ ಎಂದು ಒಮ್ಮೆ ಗದರಿಸಿದ ಮೇಲೆ ಹಾಡು ಹೊರಡುವುದು. ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷ, ಬಹಳವಾದರೆ ಮೂರೂವರೆ ನಿಮಿಷ. ಒಂದು ಗಂಟೆ ವಿಸ್ತರಿಸುವ ರಾಗವನ್ನು ಆ ಮೂರು ನಿಮಿಷದಲ್ಲಿ ಮಡಿಚಿಡುವ ವಿದ್ಯೆಯನ್ನು ಆ ತಲೆಮಾರಿನ ಗವಾಯಿಗಳು ಕಲಿಯಬೇಕಾಯಿತು. ಷಟ್ಪದಿಯ ಆರು ಸಾಲಿನಲ್ಲಿ ಕುಮಾರವ್ಯಾಸ ಒಂದು ಯುದ್ಧವನ್ನೇ ಹಿಡಿದಿಡುವುದನ್ನು ಬಲ್ಲ ನಮಗೆ ಆ ವಿದ್ಯೆಯ ಬೆಲೆ ತಿಳಿಯಬೇಕು.

ಒಂದು ಬದಿಗೆ ಒಂದು ಮುಳ್ಳು ಎಂಬುದು ಕಂಪನಿಯವರು ವಿಧಿಸಿದ ನಿಯಮ. ಉಕ್ಕಿನ ಮುಳ್ಳು ಒಂದು ಹಾಡಿಗೇ ಸವೆದು, ಮುಂದಿನ ಸಲ ತಟ್ಟೆಯ ಗೆರೆಯನ್ನು ಕೊರೆಯತೊಡಗುತ್ತದೆ. ಆದರೆ ಹಳ್ಳಿಯ ಮನೆಗಳಲ್ಲಿ ಮುಳ್ಳಿನ ಡಬ್ಬಿ ಎಷ್ಟು ದಿನ ಬಂದೀತು? ಅದೇ ಮುಳ್ಳನ್ನು ಹತ್ತು ಸಲ, ಇಪ್ಪತ್ತು ಸಲ ಬಳಸುವರು. ಹೀಗಾಗಿ ಜನ ಯಾವ ಹಾಡನ್ನು ಹೆಚ್ಚು ಮೆಚ್ಚಿದರೋ ಆ ಹಾಡೇ ಹೆಚ್ಚು ಹಾಳಾಯಿತು. ಯಾರೂ ಮೆಚ್ಚದ ತಟ್ಟೆ ಹೊಸದರಂತೆ ಮಿರುಗುತ್ತ ಉಳಿಯಿತು. ಮಾಮನ ಟ್ರಂಕಿನಲ್ಲಿ ಒಂದು ಹಾಸ್ಯದ ಸಂಭಾಷಣೆಯ ತಟ್ಟೆಯಿದೆ, ಇಂದಿಗೂ ಕನ್ನಡಿಯಂತಿದೆ. ಓಲೆಗರಿಗಳಲ್ಲಿಯೂ ಹಾಗೆಯೇ ಅಲ್ಲವೆ? ಪಾರಾಯಣದ ಗರಿ ಬೆರಳಿನ ಬೆವರಿಗೆ ಸವೆಯುತ್ತದೆ, ಯಾರೂ ಬಿಚ್ಚದ ಕಟ್ಟು ಗಟ್ಟಿಯಾಗಿರುತ್ತದೆ.

ನಮ್ಮ ದೇಶದಲ್ಲಿ ಧ್ವನಿಮುದ್ರಣ ಮೊದಲಾದುದು 1902ರಲ್ಲಿ, ಕಲಕತ್ತೆಯಲ್ಲಿ. ಗೇಯ್ಸ್‌ಬರ್ಗ್ ಎಂಬ ಪರದೇಶದ ಮುದ್ರಣಕಾರ ಬಂದು ಗೌಹರ್ ಜಾನ್ ಮೊದಲಾದವರನ್ನು ಕಹಳೆಯ ಮುಂದೆ ನಿಲ್ಲಿಸಿ ಹಾಡಿಸಿದ. ಮೇಣದ ಮೇಲೆ ಕೊರೆದ ಆ ಹಾಡುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಿ ಮರಳುತ್ತಿದ್ದವು. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರಖಾನೆಯಾಗುವವರೆಗೆ ಇದೇ ಪದ್ಧತಿ. ಅಲ್ಲಿಯ ಕೆಲಸಗಾರರಿಗೆ ಇಲ್ಲಿಯ ಭಾಷೆ ಬರುವುದಿಲ್ಲವಾದ್ದರಿಂದ ಹಾಡಿನ ಕೊನೆಯಲ್ಲಿ ಹಾಡಿದವರೇ ತಮ್ಮ ಹೆಸರನ್ನು ಕೂಗಿ ಹೇಳುವ ರೂಢಿ ಬಂದಿತು. ಗೌಹರ್ ಜಾನ್ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ ಮುಗಿಸುವುದನ್ನು ಕೇಳಿದಾಗಲೆಲ್ಲ ನನಗೆ ನಮ್ಮ ವಚನದ ಅಂಕಿತ ನೆನಪಾಗುತ್ತದೆ. ಲೇಬಲ್ಲು ಹೋದರೂ ಅಂಕಿತ ಉಳಿಯುತ್ತದೆ. ಆದರೆ ಈ ರೂಢಿ ಬಹುಕಾಲ ಉಳಿಯಲಿಲ್ಲ. 1925ರ ಹೊತ್ತಿಗೆ ವಿದ್ಯುತ್ತಿನ ಧ್ವನಿಗ್ರಾಹಕ ಬಂದು ಕಹಳೆ ಹಿಂದೆ ಸರಿಯಿತು. ಕಿವಿಗೆ ಲಾಭವಾಯಿತು. ಕೊನೆಯ ಹೆಸರಿನ ಕೂಗು ಮಾತ್ರ ಬರಬರುತ್ತ ನಿಂತುಹೋಯಿತು. ಮಾಮನ ಅನಾಮಧೇಯ ತಟ್ಟೆಗಳೆಲ್ಲ ಈ ಎರಡನೆಯ ಕಾಲದವು. ಒಂದೂ ತನ್ನ ಹೆಸರು ಹೇಳುವುದಿಲ್ಲ.

ಪ್ರವಾಹದ ಮರುವರ್ಷ ನಾನು ಒಂದು ತಪ್ಪು ಮಾಡಿದೆ. ಉಳಿದ ತಟ್ಟೆಗಳಲ್ಲಿ ಹತ್ತನ್ನು ಆರಿಸಿ ದೊಡ್ಡ ಊರಿನ ಒಂದು ಅಂಗಡಿಗೆ ಕೊಟ್ಟೆ. ‘ಸ್ವಚ್ಛ ಮಾಡಿ ಕೊಡುತ್ತೇವೆ’ ಎಂದರು. ಮಾಡಿಯೂ ಕೊಟ್ಟರು. ಹಾಡು ಪೆನ್‌ಡ್ರೈವಿನಲ್ಲಿ ಬಂದಿತು; ಚರಚರ ಸದ್ದಿಲ್ಲ, ಹಿನ್ನೆಲೆಯಲ್ಲಿ ಮಳೆ ಸುರಿದಂತಹ ಗದ್ದಲವಿಲ್ಲ. ನಾನು ಹಿಗ್ಗಿನಿಂದ ಘತ್ತರಗಿಗೆ ಒಯ್ದು ಕೇಳಿಸಿದೆ. ಮಾಮ ಕಣ್ಣು ಮುಚ್ಚಿ ಅರ್ಧ ಹಾಡು ಕೇಳಿ, ‘ತಂಬೂರಿ ಎಲ್ಲದ?’ ಎಂದರು.

ತಂಬೂರಿ ಇರಲಿಲ್ಲ. ಇನ್ನಷ್ಟು ಗಮನವಿಟ್ಟು ಕೇಳಿದರೆ ‘ಸ’ಕಾರ ‘ಶ’ಕಾರಗಳೂ ಇರಲಿಲ್ಲ, ಹಲ್ಲಿಲ್ಲದವರು ಹಾಡಿದಂತೆ ಮಾತು ಮೆತ್ತಗಾಗಿತ್ತು. ಕಾರಣ ಸರಳವಾದುದು. ತಟ್ಟೆಯ ಮೇಲ್ಮೈಯ ಸರಸರ ಸದ್ದು, ತಂಬೂರಿಯ ಜವಾರಿಯ ಸಣ್ಣ ಝೇಂಕಾರ, ನಮ್ಮ ವ್ಯಾಕರಣದ ಊಷ್ಮಾಕ್ಷರಗಳ ಗಾಳಿ ಇವು ಮೂರೂ ಧ್ವನಿಯ ಮೇಲಣ ಒಂದೇ ನೆರೆಹೊರೆಯಲ್ಲಿ ವಾಸಿಸುತ್ತವೆ. ಸದ್ದಡಗಿಸುವ ಯಂತ್ರಕ್ಕೆ ಯಾವುದು ಕಳೆ, ಯಾವುದು ಬೆಳೆ ಎಂಬುದು ತಿಳಿಯದು. ಅದರ ಗುಂಡಿಯನ್ನು ಪೂರ್ತಿ ತಿರುವಿದರೆ ಮೂರನ್ನೂ ಕಿತ್ತುಹಾಕುತ್ತದೆ. ಹಿಂದುಸ್ತಾನಿ ಗಾಯನದಲ್ಲಿ ತಂಬೂರಿ ಹೋದರೆ ಗವಾಯಿ ನಿಂತ ನೆಲವೇ ಹೋಯಿತು. ವಚನಗಾಯನದಲ್ಲಿ ಊಷ್ಮಾಕ್ಷರ ಹೋದರೆ ಶಿವನೂ ಹೋದ, ಶರಣನೂ ಹೋದ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಹೊರಬಂದ ಗ್ರಂಥ. ಅದನ್ನು ಪಾಠ ಹೇಳುವ ನಾವೆಲ್ಲ ವಿದ್ಯಾರ್ಥಿಗಳಿಗೆ ಒತ್ತಿ ಹೇಳುವ ಮಾತೊಂದುಂಟು. ಕವಿ ಬರೆದುದನ್ನು ಹುಡುಕುವುದಷ್ಟೇ ಸಂಪಾದಕನ ಕೆಲಸ; ಕವಿ ಬರೆಯಬೇಕಾಗಿತ್ತೆಂದು ತನಗೆ ತೋರಿದುದನ್ನು ಬರೆಯುವುದಲ್ಲ. ತನಗೆ ಅರ್ಥವಾಗದ ಪದವನ್ನು ತಿಳಿಯಾದ ಪದಕ್ಕೆ ಬದಲಿಸಿದ ಲಿಪಿಕಾರನಿಂದ ಆದಷ್ಟು ಅನರ್ಥ ಗೆದ್ದಲಿನಿಂದಲೂ ಆಗಿಲ್ಲ, ಏಕೆಂದರೆ ಗೆದ್ದಲು ತಿಂದ ಜಾಗ ಕಾಣುತ್ತದೆ, ತಿದ್ದಿದ ಜಾಗ ಕಾಣುವುದಿಲ್ಲ. ಅಂಗಡಿಯವರು ನನ್ನ ಹತ್ತು ತಟ್ಟೆಗಳಿಗೆ ಮಾಡಿದುದು ಅದನ್ನೇ. ಅವರನ್ನು ದೂರಲಾರೆ; ‘ಸ್ವಚ್ಛ ಮಾಡಿರಿ’ ಎಂದವನು ನಾನೇ.

ಎರಡನೆಯ ಪ್ರಯತ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಈಗ ಬೆಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಾನೆ. ತರಗತಿಯಲ್ಲಿ ಹಳಗನ್ನಡವೆಂದರೆ ನಿದ್ದೆ ಮಾಡುತ್ತಿದ್ದ ಹುಡುಗ. ವೇಗವನ್ನು ಬೇಕಾದಂತೆ ಏರಿಸಿ ಇಳಿಸಬಹುದಾದ ಯಂತ್ರ, ನಾಲ್ಕೈದು ದಪ್ಪದ ಮುಳ್ಳುಗಳು ಇವುಗಳೊಡನೆ ಘತ್ತರಗಿಗೆ ಬಂದ. ಆ ಎರಡು ದಿನಗಳಲ್ಲಿ ನಾನು ಅವನಿಂದ ಕಲಿತುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಅರಗಿನ ತಟ್ಟೆಯ ಗೆರೆ ಅಗಲವಾದುದು. ಅದಕ್ಕೆ ಅಂಗುಲದ ಸಾವಿರದಲ್ಲಿ ಮೂರು ಪಾಲಿನಷ್ಟು ದಪ್ಪ ತುದಿಯ ಮುಳ್ಳು ಬೇಕು. ಮುಂದೆ ಬಂದ ಎಲ್.ಪಿ. ತಟ್ಟೆಗಳ ಮುಳ್ಳು ಅದರ ಮೂರನೆಯ ಒಂದು ಪಾಲು, ಇಲ್ಲವೆ ಇನ್ನೂ ಸಣ್ಣದು. ಆ ಸಣ್ಣ ಮುಳ್ಳಿನಿಂದ ಹಳೆಯ ತಟ್ಟೆಯನ್ನು ನುಡಿಸಿದರೆ ಅದು ಗೆರೆಯ ತಳದ ಕಸದಲ್ಲಿ ಹೊರಳಾಡುತ್ತದೆ. ಇನ್ನು ಸವೆದ ತಟ್ಟೆ. ಹಿಂದಿನವರ ಉಕ್ಕಿನ ಮುಳ್ಳು ಗೆರೆಯ ಗೋಡೆಯನ್ನು ಒಂದು ನಿಶ್ಚಿತ ಎತ್ತರದಲ್ಲಿ ಸವೆಸಿರುತ್ತದೆ. ಕೊಂಚ ದಪ್ಪದ ಮುಳ್ಳಾದರೆ ಅದಕ್ಕಿಂತ ಮೇಲೆ, ಕೊಂಚ ಸಣ್ಣದಾದರೆ ಅದಕ್ಕಿಂತ ಕೆಳಗೆ, ಯಾರೂ ತುಳಿಯದ ದಾರಿಯಲ್ಲಿ ನಡೆಯುತ್ತದೆ. ಗೆರೆಯ ಎರಡು ಗೋಡೆಗಳ ಮೇಲೆಯೂ ಅದೇ ಹಾಡು ಬರೆದಿರುವುದರಿಂದ ಎಡಗೋಡೆ ಕೆಟ್ಟಲ್ಲಿ ಬಲಗೋಡೆಯನ್ನು ಓದಬಹುದು. ಅದೇ ತಟ್ಟೆಯ ಇನ್ನೊಂದು ಪ್ರತಿ ಸಿಕ್ಕರೆ ಇದರಲ್ಲಿ ಹೋದ ಕ್ಷಣವನ್ನು ಅದರಿಂದ ತುಂಬಿಕೊಳ್ಳಬಹುದು. ಹುಡುಗ ಇಷ್ಟು ಹೇಳುವಷ್ಟರಲ್ಲಿ ನನಗೆ ನಗು ಬಂದಿತು. ‘ಇದಕ್ಕೆ ಪಾಠಾಂತರ ಎನ್ನುತ್ತಾರಪ್ಪ, ನೀನು ನಿದ್ದೆ ಮಾಡಿದ ತರಗತಿಯಲ್ಲಿ ಹೇಳಿದ್ದೆ’ ಎಂದೆ.

ಒಡೆದ ತಟ್ಟೆಗಳಿಗೂ ಈಗ ಗತಿಯುಂಟು. ಅಮೆರಿಕದ ಬರ್ಕಲಿಯ ವಿಜ್ಞಾನಿಗಳು ಈ ಶತಮಾನದ ಮೊದಲ ವರ್ಷಗಳಲ್ಲಿ, ಮುಳ್ಳು ತಾಗಿಸದೆ ಗೆರೆಗಳ ಚಿತ್ರ ತೆಗೆದು ಆ ಚಿತ್ರದಿಂದಲೇ ಧ್ವನಿಯನ್ನು ಹೊರಡಿಸುವ ಉಪಾಯ ಕಂಡುಹಿಡಿದರು. ಇಟಲಿಯ ಗಾಯಕ ಕರೂಸೋನ ಕಹಳೆಯ ಕಾಲದ ಹಾಡುಗಳನ್ನು ಗಣಕಯಂತ್ರದಿಂದ ತಿದ್ದಿ 1976ರಲ್ಲಿಯೇ ಹೊರತಂದಿದ್ದರು. ಎಂದರೆ ವಿದ್ಯೆ ಹೊಸದಲ್ಲ, ನಮ್ಮ ಕಡೆಗೆ ತಿರುಗಿಲ್ಲ, ಅಷ್ಟೆ. ಮಾಮನ 9 ಒಡೆದ ತಟ್ಟೆಗಳ ಚೂರುಗಳನ್ನು ನಾನು ಒಂದೊಂದು ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ.

ಎಲ್ಲಕ್ಕಿಂತ ಬೆರಗಿನ ಸಂಗತಿ ವೇಗದ್ದು. ಹಳೆಯ ತಟ್ಟೆ ನಿಮಿಷಕ್ಕೆ 78 ಸಲ ತಿರುಗುತ್ತದೆಂದು ನಾವೆಲ್ಲ ಓದಿದ್ದೇವೆ. ಮುದ್ರಿಸುವಾಗ ಅದು ಅಷ್ಟೇ ತಿರುಗಿತ್ತೆಂಬ ಖಾತರಿ, ಮೊದಲ ದಶಕಗಳ ಮಟ್ಟಿಗಂತೂ, ಇಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿಸಿದ ಹಾಡನ್ನು 78ರಲ್ಲಿ ನುಡಿಸಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಮೇಲೇರುತ್ತದೆ. ಪೇಟಿಯ ಕರಿ ನಾಲ್ಕರಲ್ಲಿ ಹಾಡಿದವರು ಬಿಳಿ ಆರರಲ್ಲಿ ಹಾಡಿದಂತೆ ಕೇಳುತ್ತದೆ. ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಹಾಡು ಹತ್ತು ಸೆಕೆಂಡು ಮೊದಲೇ ಮುಗಿಯುತ್ತದೆ. ತಾನಗಳು ಇದ್ದುದಕ್ಕಿಂತ ಚುರುಕಾಗುತ್ತವೆ, ದನಿ ಇದ್ದುದಕ್ಕಿಂತ ಎಳೆಯದಾಗುತ್ತದೆ. ನಾವು ಒಬ್ಬರ ತಯಾರಿಯನ್ನು ಹೊಗಳುವಾಗ ಕೆಲಮಟ್ಟಿಗೆ ಯಂತ್ರದ ಸ್ಪ್ರಿಂಗನ್ನೇ ಹೊಗಳುತ್ತಿರಬಹುದು!

ಸರಿಯಾದ ವೇಗ ತಿಳಿಯುವ ಬಗೆ ಹೇಗೆ? ಹಿಂದೆ ನುಡಿಯುತ್ತಿರುವ ಹಾರ್ಮೋನಿಯಂ ಒಂದು ಸಾಕ್ಷಿ. ಅದರ ಸ್ವರಗಳು ಗಟ್ಟಿಯಾಗಿ ಕೂತವು. ಕರಿ ಮನೆಗೂ ಬಿಳಿ ಮನೆಗೂ ನಡುವೆ ಎಲ್ಲಿಯೋ ಷಡ್ಜ ಬಿದ್ದರೆ ವೇಗ ತಪ್ಪಿದೆಯೆಂದು ಅನುಮಾನಿಸಬಹುದು. ಎರಡನೆಯ ಸಾಕ್ಷಿ ಬದುಕಿರುವ ಕಿವಿ. ಆ ಗವಾಯಿಯ ಎದುರು ಕೂತು ಕೇಳಿದವರು, ಇವರ ಶ್ರುತಿ ಇಂಥದು, ಇವರ ದನಿಯ ತೂಕ ಇಷ್ಟು ಎಂದು ಬಲ್ಲವರು. ಮೊದಲ ಸಾಕ್ಷಿ ತಟ್ಟೆಯೊಳಗೇ ಇದೆ, ಎಲ್ಲಿಗೂ ಹೋಗುವುದಿಲ್ಲ. ಎರಡನೆಯ ಸಾಕ್ಷಿಗೆ ಈಗ ಎಂಬತ್ತು, ತೊಂಬತ್ತು ವಯಸ್ಸು. ನಾನು ಅವಸರಪಡುವುದು ಇದಕ್ಕಾಗಿ.

ಆ ಎರಡನೆಯ ದಿನ ಮಧ್ಯಾಹ್ನ ಹೆಸರಿಲ್ಲದ ತಟ್ಟೆಯೊಂದು ಯಂತ್ರವೇರಿತು. ಒಂದು ಬದಿಗೆ ಮರಾಠಿ ಭಾವಗೀತ, ಇನ್ನೊಂದು ಬದಿಗೆ ಹಿಂದುಸ್ತಾನಿ ಚೀಜು. ಹೆಣ್ಣುದನಿ, ತೆಳುವಾದುದು, ಎತ್ತರದ್ದು, ಕಿರಾಣಾ ಘರಾಣೆಯ ಎಳೆತವುಳ್ಳದ್ದು. ನನಗೆ ಹೀರಾಬಾಯಿ ಬಡೋದೆಕರರ ದನಿಯೆಂದು ತೋರಿತು. ಹಾಗೆಂದೆ.

‘ಅಲ್ಲ. ಇದು ನಮ್ಮ ಗಂಗೂಬಾಯಿ ಹರೇದ ದನಿ ಅದ’ ಎಂದರು ಮಾಮ.

ನಾನು ನಂಬಲಿಲ್ಲ. ವಾಚಕರೂ ನಂಬಲಾರರು. ಗಂಗೂಬಾಯಿ ಹಾನಗಲ್ಲ ಎಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವುದು ಆ ಗಂಭೀರವಾದ, ಗಂಡಸಿನದೆನ್ನಬಹುದಾದ ಕಂಠ. ಆದರೆ ಸಂಗತಿ ಬಲ್ಲವರಿಗೆ ಗೊತ್ತು: 1913ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಆ ಮಹಾಗಾಯಕಿಗೆ ಹರೆಯದಲ್ಲಿ ಇದ್ದ ಕಂಠ ಬೇರೆ. ಗಂಟಲಿನ ಶಸ್ತ್ರಕ್ರಿಯೆಯಾದ ಬಳಿಕ ಅದು ಹೋಗಿ ನಾವು ಬಲ್ಲ ಕಂಠ ಬಂದಿತು. 1930ರ ದಶಕದ ಆರಂಭದಲ್ಲಿ ಅವರು ಗ್ರಾಮಾಫೋನಿಗೆ ಹಾಡಿದಾಗ ತಟ್ಟೆಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಆ ಗಾಂಧಾರಿಯ ದನಿ ಕಚೇರಿಯಲ್ಲಿ ಉಳಿಯಲಿಲ್ಲ, ಶಿಷ್ಯರ ಕಂಠದಲ್ಲಿ ಉಳಿಯಲಿಲ್ಲ, ಮುಂದೆ ಬಂದ ಎಲ್.ಪಿ. ತಟ್ಟೆಗಳಲ್ಲಿಯೂ ಇಲ್ಲ. ಆ ಕೆಲವು ಅರಗಿನ ಬಿಲ್ಲೆಗಳನ್ನು ಬಿಟ್ಟರೆ ಅದಕ್ಕೆ ಬೇರೆ ಆಸರೆಯಿಲ್ಲ. ಒಬ್ಬ ಕವಿಯ ಮೊದಲ ಕಾವ್ಯ ಸುಟ್ಟುಹೋಗಿ, ಅದರ ನಾಲ್ಕು ಗರಿಗಳು ಎಲ್ಲಿಯೋ ಯಾರ ಮನೆಯ ಅಟ್ಟದಲ್ಲಿಯೋ ಇವೆಯೆಂದು ತಿಳಿದರೆ ನಾವು ಸುಮ್ಮನಿದ್ದೇವೆಯೆ?

ನನ್ನ ಹುಡುಗ ವೇಗವನ್ನು ಇಳಿಸುತ್ತ ಬಂದ. 78ರಲ್ಲಿ ಹೀರಾಬಾಯಿಯೆಂದು ತೋರಿದ ದನಿ 76ರಲ್ಲಿ ಯಾರದೋ ಆಯಿತು. 75ರ ಸುಮಾರಿಗೆ ಹಾರ್ಮೋನಿಯಂ ತನ್ನ ಮನೆಯಲ್ಲಿ ಕೂತಿತು. ದನಿಗೆ ಒಂದು ಮೈ ಬಂದಿತು. ಮಾಮ ಮಾತಾಡಲಿಲ್ಲ, ಹೊರಸಿನ ಪಟ್ಟಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೂತಿದ್ದರು. ನಾನು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ಆದರೆ ಅದು ಹೀರಾಬಾಯಿಯ ದನಿಯೆಂಬ ನನ್ನ ಹಟ ಅಂದೇ ಸಡಲಿತು.

ನನ್ನ ಹಂಬಲದ ಪಟ್ಟಿಯ ಮೊದಲ ಹೆಸರು ಯಾವುದೆಂದು ಇನ್ನು ಹೇಳಬೇಕಾಗಿಲ್ಲ. ಗಾಂಧಾರಿಯ ತಟ್ಟೆಗಳೆಲ್ಲವೂ, ಸರಿಯಾದ ವೇಗದಲ್ಲಿ, ಸಿಕ್ಕಷ್ಟು ಪ್ರತಿಗಳನ್ನು ತೂಗಿನೋಡಿ, ಒಂದೇ ಸಂಪುಟವಾಗಿ ಬರಬೇಕು. ಅದರ ಪಕ್ಕದಲ್ಲಿ ಅವರ ಗುರು, ಕುಂದಗೋಳದ ಸವಾಯಿ ಗಂಧರ್ವರು. ಮೂರನೆಯದು ಮಲ್ಲಿಕಾರ್ಜುನ ಮನಸೂರರ ಹರೆಯದ ತಟ್ಟೆಗಳು. ಮನಸೂರರು ಮುಪ್ಪಿನಲ್ಲಿ ಹಾಡಿದುದು ಬೇಕಾದಷ್ಟು ಉಳಿದಿದೆ. ಕೇಳಿ ನಾವು ಧನ್ಯರಾಗಿದ್ದೇವೆ. ಆದರೆ ‘ನನ್ನ ರಸಯಾತ್ರೆ’ಯನ್ನು ಓದಿದವರಿಗೆ ಆ ಯಾತ್ರೆಯ ಮೊದಲ ಮಜಲು ಹೇಗೆ ಕೇಳುತ್ತಿತ್ತೆಂಬ ಕುತೂಹಲ ಸಹಜ. ಬೀಳಗಿಯ ಅಮೀರಬಾಯಿ ಕರ್ನಾಟಕಿಯ ಕಥೆ ಇನ್ನೊಂದು ತರಹದ್ದು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶವೆಲ್ಲ ಆಕೆಯನ್ನು ಬಲ್ಲದು. ಸಿನೆಮಾದ ಹಾಡಾದುದರಿಂದ ಅವು ಮತ್ತೆ ಮತ್ತೆ ಹೊರಬರುತ್ತವೆ. ಸಿನೆಮಾದ ಹೊರಗೆ ಆಕೆ ಹಾಡಿದುದನ್ನು ಕೇಳುವವರಿಲ್ಲ. ರಹಮತ್ ತರೀಕೆರೆಯವರು ಆಕೆಯ ಬಾಳಿನ ಕಥೆಯನ್ನು ಪುಸ್ತಕವಾಗಿ ಕೊಟ್ಟರು. ಪುಸ್ತಕದ ಜೊತೆಗೆ ದನಿಯೂ ಇದ್ದಿದ್ದರೆ ಎಂದು ಓದುವಾಗ ಅನಿಸಿತು. ಇನ್ನು ನಮ್ಮ ನೆರೆಯ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ. ಅವರ ಹೆಸರಿನಲ್ಲಿ ರಾಯಚೂರಿನಲ್ಲಿ ರಂಗಮಂದಿರವಿದೆ. ಅಲ್ಲಿಗೆ ನಾಟಕ ನೋಡಲು ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಅವರ ದನಿಯನ್ನು ಕೇಳಿದವರೆಷ್ಟು ಮಂದಿಯೆಂದು ಕೇಳಿ ನೋಡಬೇಕು.

ಕ್ಯಾಸೆಟ್ಟಿನ ಕಾಲದ ಮಾತು ಬೇರೆ. 1978ರ ‘ನಿತ್ಯೋತ್ಸವ’ದಿಂದ ಮೊದಲಾಗಿ ಕನ್ನಡ ಭಾವಗೀತೆಗಳು ಮನೆಮನೆಗೆ ಬಂದವು. ನಮ್ಮ ಹುಡುಗತನದ ಕಿವಿಯನ್ನು ತಿದ್ದಿದವು ಅವೇ. ಅವುಗಳಿಗೂ ಒಳ್ಳೆಯ ಪ್ರತಿ ಬೇಕೆನ್ನುವವರ ಜೊತೆ ನನಗೆ ಜಗಳವಿಲ್ಲ. ಆದರೆ ಅವುಗಳನ್ನು ಪ್ರೀತಿಸುವವರು ಲಕ್ಷಾಂತರ ಮಂದಿ ಬದುಕಿದ್ದಾರೆ, ಪ್ರತಿಗಳು ಸಾವಿರಾರಿವೆ. ಅವು ಕಾಯಬಲ್ಲವು.

ಹಕ್ಕಿನ ತೊಡಕು ಇರಬಹುದೆಂದು ಕೆಲವರು ಕೇಳುತ್ತಾರೆ. ನಮ್ಮ 1957ರ ಕಾಯಿದೆ ಈಗಿರುವಂತೆ ಧ್ವನಿಮುದ್ರಿಕೆಯ ಮೇಲಣ ಹಕ್ಕು ಅದು ಹೊರಬಂದ ಬಳಿಕ 60 ವರ್ಷಕ್ಕೆ ತೀರುತ್ತದೆ. 1930ರ, 40ರ ದಶಕದ ತಟ್ಟೆಯ ಮೇಲೆ ಕಂಪನಿಯ ಹಕ್ಕು ತೀರಿ ಎಷ್ಟೋ ಕಾಲವಾಯಿತು. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಕಟ್ಟಿದ ಭಾರತೀಯ ಸಂಗೀತದ ಭಂಡಾರ ಇಂತಹ ನೂರಾರು ತಟ್ಟೆಗಳನ್ನು ಎಲ್ಲರ ಕಿವಿಗೆ ತೆರೆದಿಟ್ಟಿದೆ; ಮುಂಬಯಿಯ ಸಂಗ್ರಾಹಕರ ಸಂಘವೊಂದು 1990ರಿಂದ ಈ ಕೆಲಸದಲ್ಲಿದೆ. ಅವರ ಉಪಕಾರ ದೊಡ್ಡದು. ಆದರೂ ನನಗೆ ಬೇಕೆನಿಸುವುದು ಕನ್ನಡ ನಾಡಿನ ಒಬ್ಬ ಹಳಕಟ್ಟಿ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು ಊರೂರಿನ ಮಠ ಮನೆಗಳಿಂದ ವಚನದ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರದೆ ಇದ್ದಿದ್ದರೆ ಇಂದು ನಾವು ಪಾಠ ಹೇಳುವ ವಚನಗಳಲ್ಲಿ ಎಷ್ಟು ಉಳಿದಿರುತ್ತಿದ್ದವು? ಅವರು ಸರಕಾರವನ್ನೂ ಕಾಯಲಿಲ್ಲ, ವಿಶ್ವವಿದ್ಯಾಲಯವನ್ನೂ ಕಾಯಲಿಲ್ಲ. ಕಟ್ಟು ಎಲ್ಲಿದೆಯೆಂದು ಕೇಳುತ್ತ ಹೋದರು.

ಆಕಾಶವಾಣಿಯ ಟೇಪುಗಳ ವಿಷಯವೂ ಇದೆ. ಧಾರವಾಡದ ನಿಲಯ 1950ರದು, ನಮ್ಮ ಕಲಬುರಗಿಯದು 1966ರದು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಜಗತ್ತಿನ ದೊಡ್ಡ ದೊಡ್ಡ ನಿಲಯಗಳೇ ಒಂದು ಕಾರ್ಯಕ್ರಮದ ಮೇಲೆ ಇನ್ನೊಂದನ್ನು ಮುದ್ರಿಸಿ ಹಳೆಯದನ್ನು ಅಳಿಸುತ್ತಿದ್ದವು. ಓಲೆಯನ್ನು ಹೆರೆದು ಮತ್ತೆ ಬರೆದಂತೆ. ಹಾಗಿದ್ದೂ ಉಳಿದವು ನಮ್ಮ ಪುಣ್ಯ. ಆಕಾಶವಾಣಿಯೇ ತನ್ನ ಭಂಡಾರದ ಕೆಲವು ಗಾಯನಗಳನ್ನು ಸಿ.ಡಿ.ಗಳಾಗಿ ಹೊರತಂದಿದೆ.

ಆದರೆ ಈ ಎಲ್ಲ ಪಟ್ಟಿಗಳಿಂದ ಹೊರಗುಳಿಯುವ ಒಂದು ಹಾಡಿನ ಲೋಕವಿದೆ. ಅದು ನಮ್ಮ ಸೀಮೆಯದೇ. ಕಡಕೋಳದ ಮಡಿವಾಳಪ್ಪನವರು ಹುಟ್ಟಿದ್ದು ಈ ಅಫಜಲಪುರ ಸೀಮೆಯ ಬಿದನೂರಿನಲ್ಲಿ, ನೆಲೆಸಿದ್ದು ಜೇವರ್ಗಿ ಸೀಮೆಯಲ್ಲಿ. ಅವರ ತತ್ವಪದಗಳೂ, ಶಿಷ್ಯರಾದ ಖೈನೂರು ಕೃಷ್ಣಪ್ಪ, ಚೆನ್ನೂರು ಜಲಾಲಸಾಹೇಬ ಮೊದಲಾದವರ ಪದಗಳೂ ಪುಸ್ತಕಗಳಾಗಿ ಬಂದಿವೆ. ಅಮಾವಾಸ್ಯೆಯ ರಾತ್ರಿ ಏಕತಾರಿ ಹಿಡಿದು ಬೆಳತನಕ ಅವನ್ನು ಹಾಡುತ್ತಿದ್ದ ಹಿರಿಯರನ್ನು ನಾನು ಹುಡುಗನಾಗಿದ್ದಾಗ ಗುಡಿಯ ಕಟ್ಟೆಯ ಮೇಲೆ ಕಂಡಿದ್ದೇನೆ. ಅವರನ್ನು ಕರೆದು ತಟ್ಟೆ ಮಾಡಿಸುವ ಕಂಪನಿ ಯಾವುದೂ ಸೊಲ್ಲಾಪುರದ ಈಚೆಗೆ ಬರಲಿಲ್ಲ. ಜಾತ್ರೆಯ ಅಂಗಡಿಯಲ್ಲಿ ಆಮೇಲೆ ಮಾರಾಟಕ್ಕೆ ಬಂದ ಕ್ಯಾಸೆಟ್ಟುಗಳಲ್ಲಿ ಏಕತಾರಿಯ ಜಾಗದಲ್ಲಿ ಕೀಬೋರ್ಡು ಕೂತಿತ್ತು. ಮೂಲಪ್ರತಿಯೇ ಇಲ್ಲದುದನ್ನು ಯಾವ ಯಂತ್ರ ತಿದ್ದೀತು? ಈಗ ಹಾಡುವವರು ಯಾರಾದರೂ ಉಳಿದಿದ್ದರೆ, ಕಿಸೆಯಲ್ಲಿರುವ ಫೋನನ್ನಾದರೂ ಅವರ ಮುಂದೆ ಹಿಡಿಯುವುದು ಮೇಲು. ನನ್ನ ತರಗತಿಯ ಹುಡುಗರಿಗೆ ಈ ವರ್ಷ ಪ್ರಬಂಧದ ಬದಲು ಈ ಕೆಲಸವನ್ನೇ ಕೊಟ್ಟಿದ್ದೇನೆ. ಹಾಡುವವರ ಹೆಸರು, ಊರು, ದಿನಾಂಕಗಳನ್ನು ಮೊದಲಿಗೆ ಅವರ ಬಾಯಿಂದಲೇ ಹೇಳಿಸಬೇಕೆಂಬ ಷರತ್ತು ಹಾಕಿದ್ದೇನೆ. ಗೌಹರ್ ಜಾನಳಿಂದ ಕಲಿತ ಪಾಠ ಅದು.

ಆ ಅನಾಮಧೇಯ ತಟ್ಟೆಗೆ ಮರಳೋಣ. ತಟ್ಟೆಯ ಹೆಸರು ಲೇಬಲ್ಲಿನೊಡನೆ ಹೋದರೂ ಜಾತಕ ಹೋಗುವುದಿಲ್ಲ. ಹಾಡಿನ ಕೊನೆಯ ಗೆರೆಗೂ ಲೇಬಲ್ಲಿನ ಜಾಗಕ್ಕೂ ನಡುವಿನ ನುಣ್ಣನೆಯ ಬಳೆಯಲ್ಲಿ ಮೂಲಮುದ್ರಣದ ಸಂಖ್ಯೆ ಒತ್ತಿರುತ್ತದೆ. ನಾವು ತೆಳು ಕಾಗದ ಹರಡಿ ಪೆನ್ಸಿಲ್ ಉಜ್ಜಿ, ಶಾಸನದ ಪಡಿಯಚ್ಚು ತೆಗೆಯುವಂತೆ, ಅದನ್ನು ತೆಗೆದೆವು. ಅಂಕಿಗಳೆಲ್ಲ ಮೂಡಿದವು, ಕೊನೆಯದೊಂದನ್ನು ಬಿಟ್ಟು. ಅದು ಮೂರೋ ಎಂಟೋ ತಿಳಿಯದು. ಅಲ್ಲಿಯೇ ಯಾವುದೋ ಕಾಲದ ಮುಳ್ಳು ಜಾರಿ ಗೀರಿದೆ. ಹುಡುಗ ಮಸೂರದಲ್ಲಿ ನೋಡಿ ಎಂಟು ಎಂದ. ನಾನು ಮೂರು ಎಂದೆ. ಮಾಮ ಕಾಗದವನ್ನು ತಿರುವಿ ನೋಡಿ, ಎರಡೂ ಅಲ್ಲದಿದ್ದರೂ ಇರಬಹುದೆಂದರು.

ಹೊಳೆಯಾಚೆ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಅವರ ಮನೆಯಲ್ಲಿ ಗಾಂಧಾರಿಯ ಹೆಸರಿದ್ದ ಎರಡು ತಟ್ಟೆಗಳಿವೆಯೆಂದು ಹೋದ ತಿಂಗಳು ತಿಳಿಯಿತು. ಫೋನು ಮಾಡಿದೆ. ಕಣ್ಣಿಗೆ ಪೊರೆ ಬಂದಿದೆ, ಅಂಕಿ ಓದಲಾರೆ, ನೀವೇ ಬಂದು ನೋಡಿರಿ ಎಂದರು. ಬರುವ ಅಮಾವಾಸ್ಯೆಯ ಮರುದಿನ ಹೋಗುವುದೆಂದಾಗಿದೆ. ಮಾಮ ಈಗಾಗಲೇ ನಮ್ಮ ತಟ್ಟೆಯನ್ನು ಹಳೆಯ ಧೋತರದಲ್ಲಿ ಸುತ್ತಿ ತಲೆದೆಸೆಯಲ್ಲಿ ಇಟ್ಟುಕೊಂಡಿದ್ದಾರೆ.